ದುಡ್ಡು ಕೊಟ್ಟರೆ ಸಿಗುವ ಕೆಲಸವಲ್ಲ

ನಾನು ಸ್ಟಾಫ್ ನರ್ಸ್. ಕನಕಪುರದ ಕಡೆಯವಳು, ಉತ್ತರಹಳ್ಳಿಗೆ ಸೊಸೆಯಾಗಿ ಬಂದೆ. ಮಿಲಿಟರಿ ನರ್ಸಿಂಗ್ ಸರ್ವಿಸ್‌ಗೆ ಅರ್ಜಿ ಹಾಕಿದ ವರ್ಷ ನನ್ನ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟು, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಎಲ್ಲವೂ ಬೇರೆಯವರ ಬೀರುವಿನಲ್ಲಿ ಸಿಕ್ಕಿಕೊಂಡಿದ್ದವು. ಆಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ನನ್ನ ವಾರ್ಡಿನ ಹುಡುಗಿಯರು ಈಗಲೂ ಅಂಥವೇ ಆಫೀಸುಗಳ ಮೆಟ್ಟಿಲು ಹತ್ತುತ್ತಿದ್ದಾರೆ, ಅದಕ್ಕೇ ಬರೆಯಬೇಕೆನಿಸಿತು.

ಸೇನೆಯ ಆಸೆ ಹುಟ್ಟಿದ್ದು ಸೋದರಮಾವನಿಂದ. ಅವರು ಹವಾಲ್ದಾರರಾಗಿ ನಿವೃತ್ತರಾದವರು. ಹಳೇ ವಿಮಾನ ನಿಲ್ದಾಣ ರಸ್ತೆಯ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲಿ ಅವರಿಗೆ ಆಪರೇಷನ್ ಆದಾಗ ಜೊತೆಗಿದ್ದೆ. ಅಲ್ಲಿ ನರ್ಸ್ ಎಂದರೆ ಅಧಿಕಾರಿ. ಭುಜದ ಮೇಲೆ ನಕ್ಷತ್ರ, ಎದುರಾದ ಜವಾನರಿಂದ ಸೆಲ್ಯೂಟ್. ನಾನು ಕೆಲಸ ಮಾಡುತ್ತಿದ್ದ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ರೋಗಿಯ ಕಡೆಯವರು ಮೊದಲು ಬೈಯುವುದು ನರ್ಸನ್ನೇ. ಸಂಬಳದ ಕಥೆ ಹೇಳುವುದೇ ಬೇಡ. ಖಾಸಗಿ ಆಸ್ಪತ್ರೆಯ ನರ್ಸ್‌ಗಳ ಸ್ಥಿತಿ ಪರಿಶೀಲಿಸಲು ಸಮಿತಿ ಮಾಡಿ ಎಂದು 2016ರ ಜನವರಿ 29ರಂದು ಸುಪ್ರೀಂ ಕೋರ್ಟ್ ಹೇಳಿತ್ತು. 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ಅಷ್ಟು ದುಡ್ಡು ಕಣ್ಣಿಗೆ ಕಾಣಲು ನನಗೆ ವರ್ಷಗಳೇ ಹಿಡಿದವು. ಸೇನೆಯ ನರ್ಸಿಂಗ್ ಲೆಫ್ಟಿನೆಂಟ್‌ಗೆ 7ನೇ ವೇತನ ಆಯೋಗದ ಪ್ರಕಾರ ಮೂಲ ವೇತನವೇ 56,100, ಅದರ ಮೇಲೆ ಮಿಲಿಟರಿ ಸೇವಾ ವೇತನ 10,800. ಇದೆಲ್ಲ ಗೊತ್ತಾದ ಮೇಲೆ ಮನಸ್ಸು ಅತ್ತಲೇ ಎಳೆಯುತ್ತಿತ್ತು.

2023ರ ಡಿಸೆಂಬರ್‌ನಲ್ಲಿ ಶಾರ್ಟ್ ಸರ್ವಿಸ್ ಕಮಿಷನ್‌ಗೆ ಪ್ರಕಟಣೆ ಬಂತು. ಅರ್ಜಿ ಹಾಕಲು 11ರಿಂದ 26ರವರೆಗೆ ಮಾತ್ರ ಅವಕಾಶ. ಪರೀಕ್ಷೆ 2024ರ ಜನವರಿ 14ಕ್ಕೆ. ಬಿಎಸ್ಸಿ ನರ್ಸಿಂಗ್ ಮುಗಿಸಿ ರಿಜಿಸ್ಟ್ರೇಷನ್ ಇರುವ, 21ರಿಂದ 35 ವರ್ಷದೊಳಗಿನ ಮಹಿಳೆಯರು ಬರೆಯಬಹುದಿತ್ತು. ನನಗೆ ಆ ದಿನಗಳಲ್ಲೆಲ್ಲ ನೈಟ್ ಡ್ಯೂಟಿ. ಬೆಳಿಗ್ಗೆ ಬಂದು ಮಲಗಿದರೆ ಸಂಜೆ ಮತ್ತೆ ಹೊರಡಬೇಕು. ಏನಾದರೂ ಕೇಳೋಣವೆಂದರೆ ನಮ್ಮಂಥವರು ಹೋಗಿ ನಿಲ್ಲುವಂಥ ಒಂದು ಕಿಟಕಿ ಎಲ್ಲೂ ಇರಲಿಲ್ಲ. ಕಮಾಂಡ್ ಆಸ್ಪತ್ರೆಯ ಗೇಟಿನಲ್ಲಿ ವಿಚಾರಿಸಿದ್ದಕ್ಕೆ, ಎಲ್ಲ ಆನ್‌ಲೈನ್, ಇಲ್ಲಿ ಏನೂ ಇಲ್ಲ ಎಂದರು.

ನಮ್ಮ ಕಡೆ ಮುಖ್ಯರಸ್ತೆಯಲ್ಲಿ, ಅಂಗಡಿಗಳ ಮೇಲಿನ ಮಹಡಿಯಲ್ಲಿ ಒಂದು ಕನ್ಸಲ್ಟೆನ್ಸಿ ಇತ್ತು. ಗಲ್ಫ್‌ಗೆ, ಇಂಗ್ಲೆಂಡಿಗೆ ನರ್ಸ್‌ಗಳನ್ನು ಕಳಿಸುತ್ತೇವೆ ಎಂಬ ಬೋರ್ಡಿನ ಕೆಳಗೆ ಹೊಸದಾಗಿ ‘ಆರ್ಮಿ ನರ್ಸಿಂಗ್’ ಎಂದೂ ಬರೆಸಿದ್ದರು. ನಮ್ಮನೆಯವರು ಹೋಗಿ ವಿಚಾರಿಸಿಕೊಂಡು ಬಂದರು. ಆಮೇಲೆ ಇಬ್ಬರೂ ಹೋದೆವು.

ಅಲ್ಲಿದ್ದವರು ನಿವೃತ್ತ ಸುಬೇದಾರ್ ಎಂದು ಪರಿಚಯಿಸಿಕೊಂಡರು. ಕಾಫಿ ತರಿಸಿದರು. “ಸೆಲೆಕ್ಷನ್ ಬೋರ್ಡಲ್ಲಿ ನಮ್ಮೋರಿದಾರೆ ಮೇಡಂ. ಎಕ್ಸಾಂ ಸುಮ್ನೆ ಬರೀರಿ, ಮಿಕ್ಕಿದ್ದು ನಮಗೆ ಬಿಡಿ,” ಎಂದರು. ಪ್ಯಾಕೇಜ್ ಮೂರು ಲಕ್ಷ. ನನ್ನ ಕುತ್ತಿಗೆಯ ತಾಳಿ ನೋಡಿ ದನಿ ತಗ್ಗಿಸಿದರು. ಮದುವೆಯಾದವರನ್ನು ಸೇನೆ ತೆಗೆದುಕೊಳ್ಳುವುದಿಲ್ಲ, ಅದನ್ನು ಹೊಂದಿಸಲು ಐವತ್ತು ಸಾವಿರ ಬೇರೆ ಆಗುತ್ತದೆ ಎಂದರು. ಒಮ್ಮೆ ಒಳಗೆ ಹೋದರೆ ನಿವೃತ್ತಿಯವರೆಗೂ ಕೆಲಸ, ಆಮೇಲೆ ಪಿಂಚಣಿ ಎಂದೂ ಸೇರಿಸಿದರು. ಮನೆಯಲ್ಲಿ ಚೀಟಿ ಎತ್ತಿದ ದುಡ್ಡಿತ್ತು. ಅರವತ್ತು ಸಾವಿರ ಮುಂಗಡ ಕೊಟ್ಟೆವು. ಅರ್ಜಿ ನಾವೇ ತುಂಬುತ್ತೇವೆ, ಸ್ಕ್ಯಾನ್ ಮಾಡಲು ಒರಿಜಿನಲ್ಸ್ ಬಿಟ್ಟುಹೋಗಿ, ಸಂಜೆ ಕೊಡುತ್ತೇವೆ ಎಂದರು.

ಸಂಜೆ ಹೋದರೆ, ಸೆಲೆಕ್ಷನ್ ಮುಗಿಯುವವರೆಗೆ ಒರಿಜಿನಲ್ಸ್ ನಮ್ಮಲ್ಲೇ ಇರುತ್ತವೆ, ಎಲ್ಲರಿಗೂ ಇದೇ ರೂಲ್ ಎಂಬ ಉತ್ತರ ಬಂತು. ರಸೀದಿ ಕೇಳಿದ್ದಕ್ಕೆ ನಂಬಿಕೆ ಇಲ್ಲವೇ ಎಂದು ಮುಖ ಗಂಟು ಹಾಕಿದರು. ಅರ್ಜಿಯಲ್ಲಿ ನನ್ನ ಮೊಬೈಲ್ ನಂಬರಿನ ಬದಲು ಅವರ ನಂಬರು, ಅವರದೇ ಇಮೇಲ್ ಹಾಕಿದ್ದರು. ಅರ್ಜಿ ಸಂಖ್ಯೆಯನ್ನೂ ನನಗೆ ಕೊಡಲಿಲ್ಲ. ಪ್ರವೇಶ ಪತ್ರ ಬಂದಿದೆ ಎಂದು ಆಸ್ಪತ್ರೆಯ ಬೇರೆ ಹುಡುಗಿಯರಿಂದ ತಿಳಿದು ಓಡಿದೆ. ಇನ್ನು ನಲವತ್ತು ಸಾವಿರ ಕಟ್ಟಿದರೆ ಪ್ರಿಂಟ್ ಕೊಡುತ್ತೇವೆ ಎಂದರು. ನಮ್ಮತ್ತೆ ತಮ್ಮ ಬಳೆ ಬಿಚ್ಚಿಕೊಟ್ಟರು. ಅಡ ಇಟ್ಟು ಕಟ್ಟಿದೆವು. ಸಂಕ್ರಾಂತಿಯ ಹಿಂದಿನ ದಿನ ಪರೀಕ್ಷೆ. ಮನೆಯಲ್ಲಿ ಎಲ್ಲರೂ ಹಬ್ಬಕ್ಕೆ ಎಳ್ಳುಬೆಲ್ಲ ಬೆರೆಸುತ್ತಿರುವಾಗ ನಾನು ಕಂಪ್ಯೂಟರ್ ಮುಂದೆ ಕೂತು ನರ್ಸಿಂಗ್, ಇಂಗ್ಲಿಷ್, ಸಾಮಾನ್ಯ ಬುದ್ಧಿಮತ್ತೆಯ ಪ್ರಶ್ನೆಗಳಿಗೆ ಉತ್ತರ ಗುರುತು ಮಾಡುತ್ತಿದ್ದೆ. ಆ ಉತ್ತರಗಳಲ್ಲಿ ಒಂದನ್ನೂ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಐಸಿಯುನಲ್ಲಿ ವೆಂಟಿಲೇಟರ್ ಪಕ್ಕ ನಿಂತು ಕಲಿತದ್ದೇ ಕೈಹಿಡಿಯಿತು.

ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಅದನ್ನು ನಾನು ಪೇಪರಿನಲ್ಲಿ ಓದಿದೆ. ಸೆಲಿನಾ ಜಾನ್ ಎಂಬ ಮಿಲಿಟರಿ ನರ್ಸಿಂಗ್ ಲೆಫ್ಟಿನೆಂಟನ್ನು ಮದುವೆಯಾದರೆಂಬ ಕಾರಣಕ್ಕೆ 1988ರಲ್ಲಿ ಕೆಲಸದಿಂದ ತೆಗೆದಿದ್ದರು. ಅದು ಲಿಂಗ ತಾರತಮ್ಯ, ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಕೋರ್ಟ್ ಹೇಳಿತ್ತು. ಮದುವೆಯಾದರೆ ಕೆಲಸ ಹೋಗುತ್ತದೆ ಎಂಬ 1977ರ ಆ ನಿಯಮವನ್ನು 1995ರಲ್ಲೇ ಹಿಂತೆಗೆದುಕೊಂಡಿದ್ದರು ಎಂಬುದೂ ಅದೇ ಸುದ್ದಿಯಲ್ಲಿತ್ತು. ಓದುತ್ತಾ ಕೈ ನಡುಗಿತು. ಪ್ರಕಟಣೆಯನ್ನು ಮೊಬೈಲಿನಲ್ಲಿ ತೆರೆದು ಪೂರ್ತಿ ಓದಿದೆ. ಮದುವೆಯಾದವರೂ ಅರ್ಜಿ ಹಾಕಬಹುದು ಎಂದು ಅದರಲ್ಲೇ ಬರೆದಿತ್ತು. ಶಾರ್ಟ್ ಸರ್ವಿಸ್ ಎಂದರೆ ಮೊದಲು 5 ವರ್ಷ, ಮುಂದುವರಿಸಿದರೂ ಹೆಚ್ಚೆಂದರೆ 14 ವರ್ಷ ಎಂಬುದೂ ಇತ್ತು. ಆ ಮನುಷ್ಯ ಹೇಳಿದ ಮಾತೊಂದೂ ನಿಜವಾಗಿರಲಿಲ್ಲ.

ಫಲಿತಾಂಶ ಬಂದು, ಸಂದರ್ಶನಕ್ಕೆ ಕರೆದವರ ಪಟ್ಟಿಯಲ್ಲಿ ನನ್ನ ಸಂಖ್ಯೆ ಕಂಡಿತು. ಹಿಗ್ಗಬೇಕಾದ ಹೊತ್ತಿನಲ್ಲಿ ಎದೆ ಹೊಡೆದುಕೊಳ್ಳತೊಡಗಿತು. ಅರ್ಧ ಗಂಟೆಯೊಳಗೆ ಅವರ ಫೋನು. “ನೋಡಿದ್ರಾ, ಹೇಳಿದ್ವಲ್ಲ? ಉಳಿದದ್ದು ತಗೊಂಡು ಬನ್ನಿ. ಇಲ್ಲಾಂದ್ರೆ ಹೆಸರು ತೆಗೆಸೋದೂ ನಮಗೆ ಗೊತ್ತು.” ಸಂದರ್ಶನದ ದಿನ ಒರಿಜಿನಲ್ಸ್ ತೋರಿಸಲೇಬೇಕು. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಡ್ಯೂಟಿಯ ನಡುವೆ ಮೊಬೈಲ್ ನಡುಗಿದರೆ ನಾನೂ ನಡುಗುತ್ತಿದ್ದೆ. ರೋಗಿಗೆ ಇಂಜೆಕ್ಷನ್ ಕೊಡುವ ಮುಂಚೆ ಔಷಧಿಯ ಹೆಸರನ್ನು ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದೆ. ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋಗಿ ನಕಲು ಪ್ರತಿ ತೆಗೆಸೋಣವೇ ಎಂದೂ ಯೋಚಿಸಿದೆವು. ಅದು ಒಂದೆರಡು ದಿನದಲ್ಲಿ ಆಗುವ ಕೆಲಸವಲ್ಲ.

ಅವರ ಆಫೀಸಿನ ಮೆಟ್ಟಿಲ ಮೇಲೆ ಕಾಯುತ್ತಿದ್ದಾಗ ರಾಯಚೂರು, ಚಿತ್ರದುರ್ಗದ ಕಡೆಯ ಹುಡುಗಿಯರು ಸಿಕ್ಕರು. ಅವರೂ ಪ್ಯಾಕೇಜಿಗೆ ದುಡ್ಡು ಕಟ್ಟಿದ್ದರು, ಅವರಿಗೂ ‘ನಮ್ಮೋರಿದಾರೆ’ ಎಂದೇ ಹೇಳಲಾಗಿತ್ತು. ಪಟ್ಟಿಯಲ್ಲಿ ಹೆಸರು ಬಾರದವರಿಗೆ, ಮುಂದಿನ ಸಲ ಖಂಡಿತ, ದುಡ್ಡು ನಮ್ಮಲ್ಲೇ ಇರಲಿ ಎಂಬ ಉತ್ತರ. ಅಲ್ಲಿಗೆ ಲೆಕ್ಕ ಪೂರ್ತಿ ಅರ್ಥವಾಯಿತು. ಎಲ್ಲರಿಂದಲೂ ದುಡ್ಡು ತೆಗೆದುಕೊಳ್ಳುವುದು, ಏನೂ ಮಾಡದೆ ಕೂರುವುದು, ಯಾರು ತಮ್ಮ ಓದಿನ ಬಲದಿಂದ ಪಾಸಾಗುತ್ತಾರೋ ಅವರ ಮುಂದೆ ‘ನಾವೇ ಮಾಡಿಸಿದ್ದು’ ಎನ್ನುವುದು. ಬೇರೆಯವರ ಹೊಲದ ಪೈರಿಗೆ ಗುತ್ತಿಗೆ ಬರೆಸಿಕೊಂಡ ಹಾಗೆ. ಇದಕ್ಕೆ ಬೋರ್ಡಿನಲ್ಲಿ ಯಾರೂ ಬೇಕಾಗಿಲ್ಲ. ಪಾಸಾಗುವ ಹುಡುಗಿಯರಿಗೆ ತಮ್ಮ ಮೇಲೆ ಅನುಮಾನ ಇದ್ದರೆ ಸಾಕು.

ಆ ರಾತ್ರಿ ನಮ್ಮತ್ತೆ ಹೇಳಿದರು: “ಬಳೆ ಹೋದ್ರೆ ಹೋಗ್ಲಿ ಕಣಮ್ಮ. ನಿನ್ ಕಾಗ್ದ ಮೊದ್ಲು ತಗಂಬಾ.” ಬೆಳಿಗ್ಗೆ ಸೋದರಮಾವನನ್ನು ಕರೆಸಿಕೊಂಡೆವು. ಅವರು ಕನ್ಸಲ್ಟೆನ್ಸಿಗೆ ಬಂದು, ಸುಬೇದಾರ್ ಸಾಹೇಬ್ರು ಯಾವ ರೆಜಿಮೆಂಟು, ಎಲ್ಲಿ ಟ್ರೈನಿಂಗು ಎಂದು ಮೆಲ್ಲಗೆ ಕೇಳಿದರು. ಆ ಮನುಷ್ಯನಿಂದ ಉತ್ತರ ಹೊರಡಲಿಲ್ಲ. ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗಿ, ಹಣ ಕಳಿಸಿದ ಫೋನ್‌ಪೇ ದಾಖಲೆ, ಅವರ ವಾಟ್ಸಾಪ್ ಸಂದೇಶಗಳ ಪ್ರಿಂಟ್ ಎಲ್ಲ ಸೇರಿಸಿ ದೂರು ಬರೆದುಕೊಟ್ಟೆವು. ಠಾಣೆಯಿಂದ ಒಂದು ಫೋನ್ ಹೋಯಿತು. ಮಾರನೇ ದಿನ ಒರಿಜಿನಲ್ಸ್ ಕೈಗೆ ಬಂದವು. ದುಡ್ಡು ಅರ್ಧಕ್ಕಿಂತ ಕಡಿಮೆ ವಾಪಸ್ ಬಂತು. ಬಳೆ ಬಿಡಿಸಲು ಆ ವರ್ಷವೆಲ್ಲ ಓವರ್‌ಟೈಮ್ ಮಾಡಿದೆ.

ಸಂದರ್ಶನಕ್ಕೆ ಹೋಗಿ ಬಂದೆ. ನನ್ನನ್ನು ಗೌರವದಿಂದ ಮಾತನಾಡಿಸಿದರು, ಕೆಲಸದ ಬಗ್ಗೆಯೇ ಕೇಳಿದರು. ಯಾರ ಕಡೆಯವರು ಎಂದು ಯಾರೂ ಕೇಳಲಿಲ್ಲ. ಕೊನೆಯ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಅದರ ನೋವು ಇದೆ. ಆದರೆ ನನಗಿಂತ ಚೆನ್ನಾಗಿ ಮಾಡಿದವರು ಹೋದರು ಎಂಬ ಸಮಾಧಾನವೂ ಇದೆ.

ಈಗ ಯಾರಾದರೂ ಕೇಳಿದರೆ ಇಷ್ಟು ಹೇಳುತ್ತೇನೆ. ಅರ್ಜಿಯನ್ನು ನೀವೇ ತುಂಬಿ, ನಿಮ್ಮದೇ ನಂಬರು ಹಾಕಿ. ಆ ಸಲ ನಾವು ಕಟ್ಟಬೇಕಿದ್ದ ಸರ್ಕಾರಿ ಶುಲ್ಕ 900 ರೂಪಾಯಿ ಮಾತ್ರ. ಸ್ಕ್ಯಾನ್ ಮಾಡಿಸುವಾಗ ಪಕ್ಕದಲ್ಲೇ ನಿಂತಿದ್ದು ಒರಿಜಿನಲ್ಸ್ ತೆಗೆದುಕೊಂಡೇ ಬನ್ನಿ. ಪಿಯುಸಿ ಓದುವ ತಂಗಿಯರಿದ್ದರೆ ಅವರಿಗೆ ಬೇರೆ ದಾರಿ ಇದೆ. ನೀಟ್ ಬರೆದು ಸೇನೆಯ ಆರು ನರ್ಸಿಂಗ್ ಕಾಲೇಜುಗಳಿಗೆ ಅರ್ಜಿ ಹಾಕಬಹುದು. ಒಟ್ಟು 220 ಸೀಟು, ಅದರಲ್ಲಿ 40 ನಮ್ಮ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲೇ ಇವೆ. ಆ ನಾಲ್ಕು ವರ್ಷದ ಕೋರ್ಸಿಗೆ ಮಾತ್ರ ಮದುವೆಯಾಗಿರಬಾರದು. ಈ ಒಂದು ನಿಯಮವನ್ನೇ ತಿರುಚಿ ನನ್ನಂಥವರನ್ನು ಹೆದರಿಸುತ್ತಾರೆ.

ಸೇನೆಯವರಲ್ಲಿ, ನರ್ಸಿಂಗ್ ಕಾಲೇಜುಗಳ ಪ್ರಾಂಶುಪಾಲರಲ್ಲಿ ನನ್ನದೊಂದು ಬೇಡಿಕೆ. ಕರ್ನಾಟಕದಲ್ಲಿ ಓದಿದ ನರ್ಸ್‌ಗಳು ಜಗತ್ತಿನ ಎಷ್ಟೋ ದೇಶಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಅಂಥ ರಾಜ್ಯದಲ್ಲಿ ಕೊನೆಯ ವರ್ಷದ ವಿದ್ಯಾರ್ಥಿನಿಯರಿಗೆ, ಮಿಲಿಟರಿ ನರ್ಸಿಂಗ್‌ನ ಒಬ್ಬ ಅಧಿಕಾರಿ ಬಂದು ಒಂದು ಗಂಟೆ ಕನ್ನಡದಲ್ಲಿ ಮಾತನಾಡಲಿ. ಯಾರು ಬರೆಯಬಹುದು, ಎಷ್ಟು ವರ್ಷದ ಸೇವೆ, ಎಷ್ಟು ಶುಲ್ಕ, ಯಾವ ವೆಬ್‌ಸೈಟ್ ಎಂದು ತಿಳಿಸಲಿ. ಪ್ರಕಟಣೆ ಹೊರಟ ಆ ಎರಡು ವಾರ ಫೋನ್ ಎತ್ತಿ ಉತ್ತರ ಕೊಡುವ ಒಬ್ಬರನ್ನು ಬೆಂಗಳೂರಿನಲ್ಲಿ ಕೂರಿಸಲಿ. ಅಷ್ಟು ಮಾಡಿದರೆ ನಮ್ಮ ಹುಡುಗಿಯರಿಗೆ ಮಾರಲು ದಲ್ಲಾಳಿಗಳ ಹತ್ತಿರ ಏನೂ ಉಳಿಯುವುದಿಲ್ಲ.