ಸೀಟು ಸಿಕ್ಕಿತು, ಬಸ್ಸೂ ಬಂತು, ಮಾತು?

ನಮ್ಮ ಭಾಗದ ಮಕ್ಕಳು ಡಿಗ್ರಿ ಓದಲಿ ಎಂದು ಈಚಿನ ವರ್ಷಗಳಲ್ಲಿ ಆಗಿರುವ ಕೆಲಸ ಸಣ್ಣದಲ್ಲ. 2010ರಲ್ಲಿ ಬಳ್ಳಾರಿಗೆ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂತು. ಅಲ್ಲಿಯವರೆಗೆ ಇಲ್ಲಿನ ಕಾಲೇಜುಗಳು ಎಲ್ಲದಕ್ಕೂ ಗುಲಬರ್ಗಾ ಕಡೆ ನೋಡಬೇಕಿತ್ತು. 2013ರಲ್ಲಿ ಜಾರಿಯಾದ ಸಂವಿಧಾನದ 371ಜೆ ವಿಧಿ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟುಗಳನ್ನು ಸ್ಥಳೀಯರಿಗೆ ಮೀಸಲಿಟ್ಟಿತು. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆಯಿಂದ ಸಿರುಗುಪ್ಪ, ಕುರುಗೋಡಿನ ಹೆಣ್ಣುಮಕ್ಕಳು ಟಿಕೆಟ್ ದುಡ್ಡಿನ ಚಿಂತೆಯಿಲ್ಲದೆ ಬೆಳಿಗ್ಗೆ ಬಳ್ಳಾರಿಗೆ ಬಂದು ಸಂಜೆ ಮನೆ ಸೇರಬಹುದು. ಇಷ್ಟೆಲ್ಲ ಆದರೂ ಮೊದಲ ಸೆಮಿಸ್ಟರ್ ಬಹಳ ಮಕ್ಕಳಿಗೆ ಕಷ್ಟವೇ. ಹಿಂದಿನ ಬೆಂಚು ಹಿಡಿದು, ಕೇಳಿದ್ದಕ್ಕೆ ತಲೆಯಾಡಿಸಿ, ಇಂಟರ್ನಲ್ಸ್ ಹತ್ತಿರ ಬಂದಾಗ ಗೈಡ್ ಉರುಹೊಡೆಯುವ ವಿದ್ಯಾರ್ಥಿಯನ್ನು ನಾವು ‘ವೀಕು’ ಎಂದುಬಿಡುತ್ತೇವೆ. ಆ ತೀರ್ಪು ತಪ್ಪು. ಗಡಿನಾಡಿನ ವಿದ್ಯಾರ್ಥಿಗೆ ಮಾತು ಬಾರದೆ ಇಲ್ಲ. ಅವನಿಗೆ ಬರುವ ಎರಡು ಮಾತುಗಳಿಗೂ ತರಗತಿಯಲ್ಲಿ ಕೆಲಸ ಕೊಟ್ಟಿಲ್ಲ.

ಈ ಮಕ್ಕಳು ಬರುವ ಊರುಗಳನ್ನೇ ನೋಡಿ. ಬಳ್ಳಾರಿ ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೂತಿರುತ್ತವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತ ಮೇಲೆ ಕಾಲುವೆಯ ಬೆನ್ನು ಹಿಡಿದು ಕರಾವಳಿ ಆಂಧ್ರದ ರೈತರು ಬಂದರು. ಸಿರುಗುಪ್ಪ ಸೀಮೆಯಲ್ಲಿ ಅವರು ನೆಲೆಸಿದ ‘ಕ್ಯಾಂಪು’ಗಳು ಎದ್ದವು. ಹೀಗಾಗಿ ತೆಲುಗಿನಲ್ಲೇ ಎರಡು ಬಗೆ ಕೇಳುತ್ತದೆ: ತಲೆತಲಾಂತರದಿಂದ ಇಲ್ಲಿಯೇ ಇರುವ ಬಳ್ಳಾರಿ ತೆಲುಗು, ಗೋದಾವರಿ ಕಡೆಯಿಂದ ಬಂದ ಕ್ಯಾಂಪಿನ ತೆಲುಗು. ಭತ್ತ ನಾಟಿಯ ಕೂಲಿ ಮಾತು ಒಂದು ಭಾಷೆಯಲ್ಲಿ ನಡೆದರೆ ಸೊಸೈಟಿ ಸಾಲದ ಅರ್ಜಿಯನ್ನು ಇನ್ನೊಂದು ಭಾಷೆಯಲ್ಲಿ ತುಂಬುತ್ತಾರೆ. ಕುರುಗೋಡಿನ ಮೆಣಸಿನಕಾಯಿ ಬೆಳೆಗಾರ ದರದ ಲೆಕ್ಕವನ್ನು ವ್ಯಾಪಾರಿಯ ಭಾಷೆಯಲ್ಲಿ ಮಾಡಿ, ಮನೆಯಲ್ಲಿ ತನ್ನ ಭಾಷೆಯಲ್ಲಿ ಒಪ್ಪಿಸುತ್ತಾನೆ. ಒಂದು ಸಂಗತಿಯನ್ನು ಒಂದು ಭಾಷೆಯಲ್ಲಿ ಹಿಡಿದು ಇನ್ನೊಂದರಲ್ಲಿ ಬಿಡಿಸಿ ಹೇಳುವ ಈ ಅಭ್ಯಾಸ ಹದಿನೆಂಟು ತುಂಬುವಷ್ಟರಲ್ಲಿ ಮಕ್ಕಳಿಗೆ ಕರಗತವಾಗಿರುತ್ತದೆ. ಉನ್ನತ ಶಿಕ್ಷಣ ಕೇಳುವುದೂ ಹೆಚ್ಚುಕಡಿಮೆ ಇದನ್ನೇ.

ಇಷ್ಟು ಸಾಕೇ ಎಂದರೆ ಸಾಲದು. ಸಂತೆಯ ತೆಲುಗು, ಬಸ್‌ಸ್ಟ್ಯಾಂಡಿನ ಕನ್ನಡ ಅರ್ಥಶಾಸ್ತ್ರದ ಅಧ್ಯಾಯಕ್ಕೆ ಆಗಿಬರುತ್ತದೆಯೇ ಎಂದು ಅಧ್ಯಾಪಕರು ಕೇಳುವ ಪ್ರಶ್ನೆಯಲ್ಲಿ ಹುರುಳಿದೆ. ತೆಲುಗು ಆಡುವ ನಮ್ಮ ಮಕ್ಕಳಲ್ಲಿ ಅನೇಕರು ಅದನ್ನು ಓದಲಾರರು. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ದಿನಬಳಕೆಯ ಮಾತು, ಪಾಠದ ಭಾಷೆ ಎರಡನ್ನೂ 1979ರಲ್ಲೇ ಬೇರೆ ಮಾಡಿ ತೋರಿಸಿದರು. ಅವರ ಲೆಕ್ಕದಲ್ಲಿ ಹೊಸ ಭಾಷೆಯಲ್ಲಿ ದಿನಬಳಕೆಯ ಮಾತು ಸುಮಾರು 2 ವರ್ಷಗಳಲ್ಲಿ ಕೂಡಿಬಂದರೂ ಪಾಠದ ಭಾಷೆ ಪಳಗಲು 5ರಿಂದ 7 ವರ್ಷ ಬೇಕು. ಆದರೆ ಒಂದು ಭಾಷೆಯಲ್ಲಿ ಗಟ್ಟಿಯಾದ ವಿಚಾರಶಕ್ತಿ ಮತ್ತೊಂದಕ್ಕೂ ದಾಟುತ್ತದೆ ಎಂಬುದು ಅವರದೇ ವಾದದ ಇನ್ನೊಂದು ಮುಖ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬಿ.ಕಾಂ. ಮೊದಲ ಸೆಮಿಸ್ಟರಿನ ನಾಲ್ಕಾರು ತಿಂಗಳಲ್ಲಿ ಇಂಗ್ಲಿಷ್ ಪಠ್ಯ ಅರಗಲಿ ಎಂದರೆ ನಾವು ಕೇಳುತ್ತಿರುವುದು ಆಗದ ಮಾತು. ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ವನ್ನು, ಎಂದರೆ ದರ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದನ್ನು, ಕುರುಗೋಡಿನ ಮೆಣಸಿನಕಾಯಿ ದರದ ಏರಿಳಿತದ ಮೇಲೆ ಕನ್ನಡದಲ್ಲಿ ಚರ್ಚಿಸಿ, ಗುಂಪಿನಲ್ಲಿ ತೆಲುಗಿನಲ್ಲೂ ವಾದಿಸಿ, ಆಮೇಲೆ ಇಂಗ್ಲಿಷ್ ಪುಟ ತೆರೆದರೆ ಅರ್ಥ ಮೊದಲೇ ಕೈಯಲ್ಲಿರುತ್ತದೆ, ಉಳಿಯುವುದು ಪದಗಳ ಕೆಲಸ ಮಾತ್ರ.

ಕೆಲಸ ಸಿಗುವುದು ಇಂಗ್ಲಿಷಿನಿಂದ, ಈ ಸುತ್ತುಬಳಸು ಯಾಕೆ ಎಂದು ಪೋಷಕರು ಕೇಳುತ್ತಾರೆ. ಇಂಗ್ಲಿಷ್ ಬೇಡವೆಂದು ಯಾರೂ ಹೇಳುತ್ತಿಲ್ಲ. ಉರುಹೊಡೆದು ಪಾಸಾದ ವಿದ್ಯಾರ್ಥಿಗೆ ಸಂದರ್ಶನದಲ್ಲಿ ಇಂಗ್ಲಿಷೂ ಒದಗುವುದಿಲ್ಲ, ವಿಷಯವೂ ಒದಗುವುದಿಲ್ಲ. ಅರ್ಥವಾದದ್ದನ್ನು ಹೇಳಲು ಕಲಿಯುವ ಇಂಗ್ಲಿಷೇ ಬಾಳುವುದು. ಕೋರ್ಸು ಇಂಗ್ಲಿಷ್ ಮಾಧ್ಯಮದ್ದಾದರೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಬಿಡಿ ಎಂದು ಯುಜಿಸಿ ಕೂಡ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳನ್ನು ಕೋರಿತು. ಆದರೆ ಪಾಠ ಮತ್ತು ಪುಸ್ತಕ ಒಂದು ಭಾಷೆಯಲ್ಲಿದ್ದು ಉತ್ತರ ಮಾತ್ರ ಇನ್ನೊಂದರಲ್ಲಿ ಬರೆಯಿರಿ ಎಂದರೆ ಅದು ಅರೆ ಅನುಕೂಲ.

ಇನ್ನೊಂದು ಆಕ್ಷೇಪಕ್ಕೆ ಇತಿಹಾಸದ ಬೆನ್ನಿದೆ. ಆಂಧ್ರ ರಾಜ್ಯ ಹುಟ್ಟಿದ 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಬಳ್ಳಾರಿ ತಾಲ್ಲೂಕನ್ನು ಉಳಿಸಿಕೊಳ್ಳಲು, ಅದು ಯಾವ ಕಡೆ ಸೇರಬೇಕೆಂದು ನ್ಯಾಯಮೂರ್ತಿ ಮಿಶ್ರಾ ಕೊಟ್ಟ ವರದಿಯವರೆಗೆ ಹೋರಾಡಬೇಕಾಯಿತು. ಹೀಗೆ ಪಡೆದ ಊರಿನ ತರಗತಿಯೊಳಗೆ ತೆಲುಗಿಗೆ ಜಾಗ ಕೊಟ್ಟರೆ ಕನ್ನಡದ ಗತಿಯೇನು? ಈ ಆತಂಕವನ್ನು ಹಗುರವಾಗಿ ಕಾಣಬಾರದು. ಆದರೆ ಇಂದು ಬಳ್ಳಾರಿಯ ಕಾಲೇಜುಗಳಲ್ಲಿ ಕನ್ನಡದ ಜಾಗ ಒತ್ತರಿಸುತ್ತಿರುವುದು ತೆಲುಗಲ್ಲ. ಕನ್ನಡದಲ್ಲಿ ಒಳ್ಳೆಯ ವಿಷಯ ಪುಸ್ತಕಗಳಿಲ್ಲದ ಗ್ರಂಥಾಲಯ. ಇಲ್ಲಿನ ನಾಟಕವನ್ನೇ ನೋಡಿ: ಬಳ್ಳಾರಿ ರಾಘವರು ಹೆಚ್ಚಾಗಿ ತೆಲುಗು ರಂಗಭೂಮಿಯ ನಟ. ಅವರ ಹೆಸರಿನ ರಂಗಮಂದಿರದಲ್ಲಿ ಕನ್ನಡ ನಾಟಕ ನಡೆದು ಈ ಊರಿನ ಕನ್ನಡಕ್ಕೆ ಬಲವೇ ಬಂದಿದೆ. ಕ್ಯಾಂಪಿನ ಹುಡುಗ ಪಕ್ಕದವನಿಗೆ ತೆಲುಗಿನಲ್ಲಿ ಕೇಳಿ ತಿಳಿದು ಕನ್ನಡದಲ್ಲಿ ಉತ್ತರ ಬರೆದರೆ ಕನ್ನಡಕ್ಕೆ ಒಬ್ಬ ಬರಹಗಾರ ಸಿಕ್ಕಂತೆ.

ಹಾಗಾದರೆ ಆಗಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಮೊದಲ ಸೆಮಿಸ್ಟರಿನಲ್ಲಿ ಪ್ರತಿ ವಿಷಯಕ್ಕೂ ಪರಿಭಾಷೆಯ ಕನ್ನಡ–ಇಂಗ್ಲಿಷ್ ಕಿರುಹೊತ್ತಿಗೆ ಬೇಕು. ಇಂಟರ್ನಲ್ ಅಂಕಗಳಲ್ಲಿ ಒಂದು ಪಾಲನ್ನು ಬಾಯಿಮಾತಿನ ವಿವರಣೆಗೆ ಇಡಬೇಕು. ವಾರಕ್ಕೊಂದು ಗಂಟೆ ಯಾವ ಭಾಷೆಯಲ್ಲಾದರೂ ಪ್ರಶ್ನೆ ಕೇಳಲು ಬಿಡಬೇಕು, ಅದೂ ಮಧ್ಯಾಹ್ನದೊಳಗೆ. ಸಿರುಗುಪ್ಪದ ಬಸ್ ಹಿಡಿಯುವವರು ಸಂಜೆಯ ವಿಶೇಷ ತರಗತಿಗೆ ನಿಲ್ಲಲಾರರು. ಸೀಟಿಗೂ ಬಸ್ಸಿಗೂ ಸರ್ಕಾರ ದುಡ್ಡು ಹಾಕಿದೆ. ಆ ದುಡ್ಡು ಸಾರ್ಥಕವಾಗುವುದು ಹಿಂದಿನ ಬೆಂಚಿನವರು ಬಾಯಿಬಿಟ್ಟು ಕೇಳಿದಾಗ. ಅದಕ್ಕೆ ಬೇಕಾದದ್ದರಲ್ಲಿ ಬಹುಪಾಲು ಆಯಾ ಕಾಲೇಜಿನ ವಿಭಾಗಗಳ ಕೈಯಲ್ಲೇ ಇದೆ.