ಅನ್ನದ ಭಯ ಮತ್ತು ಕೊಡಲಿಯ ಪಾಠ

ಪೀಣ್ಯದ ನಮ್ಮ ಮದ್ರಸಾಕ್ಕೆ ಬರುವ ಮಕ್ಕಳ ತಂದೆಯರಲ್ಲಿ ಹೆಚ್ಚಿನವರು ಕಾರ್ಖಾನೆಗಳಲ್ಲಿ ದುಡಿಯುವವರು. ಹತ್ತನೇ ತರಗತಿಯ ಫಲಿತಾಂಶ ಬಂದಾಗಲೆಲ್ಲ ಅವರ ಪ್ರಶ್ನೆ ಒಂದೇ: “ಹಝ್ರತ್, ಹುಡುಗನನ್ನು ಯಾವುದಕ್ಕೆ ಸೇರಿಸಲಿ?” ಈಚೆಗೆ ಅದರ ಹಿಂದೆಯೇ ಒಂದು ನಿಟ್ಟುಸಿರು: “ಜನ ಇಷ್ಟಾದರು, ಯಂತ್ರಗಳೂ ಬಂದವು. ಇವನ ಪಾಲಿಗೆ ಕೆಲಸ ಉಳಿದೀತೇ?”

ಅನ್ನದಾತನು ಅಲ್ಲಾಹನು ಎಂದು ಹೇಳಿ ಅವರನ್ನು ಕಳುಹಿಸಿಬಿಡಬಹುದು. ಅದು ಸತ್ಯವೇ. ಆದರೆ ಅಷ್ಟರಿಂದ ಶಿಕ್ಷಕನ ಹೊಣೆ ಮುಗಿಯುವುದಿಲ್ಲ.

ಮೊದಲು ಜನಸಂಖ್ಯೆಯ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಲು ಬೇಕಾದ 2.1ಕ್ಕಿಂತ ಇದು ಕಡಿಮೆ. ದೇಶದ ಮುಸ್ಲಿಮರಲ್ಲಿಯೂ 1992-93ರಲ್ಲಿ 4.4 ಇದ್ದ ಈ ಸರಾಸರಿ 2.4ರ ಆಸುಪಾಸಿಗೆ ಇಳಿದಿದೆ. ಆದರೂ 2001ರಲ್ಲಿ 65 ಲಕ್ಷವಿದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2011ಕ್ಕೆ 96 ಲಕ್ಷವಾಯಿತು. ಈ ಹೆಚ್ಚಳ ಬಹುಪಾಲು ತೊಟ್ಟಿಲುಗಳಿಂದ ಬಂದುದಲ್ಲ, ತಮ್ಮೂರಲ್ಲಿ ಕೆಲಸ ಕಾಣದೆ ಬಸ್ಸು ರೈಲು ಹತ್ತಿದವರಿಂದ ಬಂದುದು. ಕೆಲಸಗಳು ಕೆಲವೇ ಊರುಗಳಲ್ಲಿ ರಾಶಿಬಿದ್ದರೆ ಜನರೂ ಅಲ್ಲಿಗೇ ಬರುತ್ತಾರೆ. ಆ ತಪ್ಪನ್ನು ಹುಟ್ಟುವ ಮಗುವಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಬಡತನದ ಭಯದಿಂದ ಮಕ್ಕಳನ್ನು ಕೊಲ್ಲುವುದನ್ನು ಕುರ್‌ಆನ್ ನಿಷೇಧಿಸಿರುವುದನ್ನು ಇಲ್ಲಿ ನೆನೆಯಬೇಕು.

ಯಂತ್ರದ ಭಯಕ್ಕೆ ಮಾತ್ರ ಹೆಚ್ಚು ಆಧಾರವಿದೆ. ಒಂದೊಂದು ಲೇತ್‌ಗೆ ಒಬ್ಬೊಬ್ಬ ನಿಲ್ಲುತ್ತಿದ್ದ ಕಡೆ ಈಗ ಒಬ್ಬನೇ ಎರಡು ಮೂರು ಸಿಎನ್‌ಸಿ ಯಂತ್ರಗಳನ್ನು ನೋಡಿಕೊಳ್ಳುತ್ತಾನೆ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಟೋಲ್ ಗೇಟಿನಲ್ಲಿ ಚಿಲ್ಲರೆ ಎಣಿಸುವ ಕೈಗಳ ಅಗತ್ಯ ಕುಗ್ಗಿತು. ಕಂಪ್ಯೂಟರ್ ಮುಂದಿನ ಕುರ್ಚಿಯೂ ಭದ್ರವಲ್ಲ: 2025ರ ಜುಲೈಯಲ್ಲಿ ಟಿಸಿಎಸ್ ಸುಮಾರು 12 ಸಾವಿರ ಹುದ್ದೆಗಳ ಕಡಿತವನ್ನು ಪ್ರಕಟಿಸಿದಾಗ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಮನೆಗಳಲ್ಲಿಯೂ ಆತಂಕ ಮೂಡಿತು.

ಹಾಗಾದರೆ ದಾರಿ? ಅಬೂದಾವೂದ್ ವರದಿ ಮಾಡಿರುವ ಒಂದು ಪ್ರಸಂಗವನ್ನು ನಾನು ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ಅನ್ಸಾರಿಯೊಬ್ಬರು ಪ್ರವಾದಿ(ಸ)ರ ಬಳಿ ಯಾಚಿಸಲು ಬಂದರು. ಅವರ ಮನೆಯಲ್ಲಿದ್ದ ಹೊದಿಕೆ ಮತ್ತು ಬಟ್ಟಲನ್ನು ಪ್ರವಾದಿ(ಸ)ರು ಎರಡು ದಿರ್ಹಮ್‌ಗೆ ಹರಾಜು ಹಾಕಿದರು. ಒಂದು ದಿರ್ಹಮ್ ಮನೆಯವರ ಊಟಕ್ಕೆ, ಇನ್ನೊಂದು ಕೊಡಲಿಗೆ. ಕೊಡಲಿಗೆ ತಮ್ಮ ಕೈಯಾರೆ ಕಾವು ಜೋಡಿಸಿ, ಹದಿನೈದು ದಿನ ಕಟ್ಟಿಗೆ ಕಡಿದು ಮಾರಲು ಕಳುಹಿಸಿದರು. ಆತ ಹತ್ತು ದಿರ್ಹಮ್ ಗಳಿಸಿ ಮರಳಿದರು.

ಊಟ, ಉಪಕರಣ, ಕಾಲಾವಕಾಶ ಮೂರೂ ಆ ವ್ಯಕ್ತಿಗೆ ದೊರೆತವು ಎಂಬುದನ್ನು ಗಮನಿಸಿ. ಇಂದಿನ ಕೊಡಲಿ ಎಂದರೆ ಯಂತ್ರವನ್ನು ನಡೆಸುವ, ದುರಸ್ತಿ ಮಾಡುವ ವಿದ್ಯೆ. ಐಟಿಐಗಳಿವೆ, ಡೆನ್ಮಾರ್ಕ್ ಸಹಕಾರದಿಂದ 1972ರಲ್ಲಿ ಆರಂಭವಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ನಮ್ಮ ಸಮೀಪದ ರಾಜಾಜಿನಗರದಲ್ಲಿಯೇ ಇದೆ. ಝಕಾತ್‌ಗೆ ಅರ್ಹವಾದ ಮನೆಯ ಮಗ ಅಥವಾ ಮಗಳು ಅಲ್ಲಿ ಕಲಿಯುವಷ್ಟು ಕಾಲ ಆ ಮನೆಗೆ ಆಸರೆಯಾಗಲು ನಮ್ಮ ಜಮಾಅತ್‌ಗಳಿಗೆ ಸಾಧ್ಯವಿಲ್ಲವೇ? ಹೊಸ ಯಂತ್ರ ತರುವ ನಮ್ಮವರೇ ಆದ ವರ್ಕ್‌ಶಾಪ್ ಮಾಲೀಕರು, ಹಳೆಯ ಕೆಲಸಗಾರನನ್ನು ಮನೆಗೆ ಕಳುಹಿಸುವ ಮುನ್ನ ಅವನಿಗೇ ಅದನ್ನು ಕಲಿಸಬಾರದೇ?

ಅನ್ನ ಕೊಡುವವನು ಅಲ್ಲಾಹನು. ಕೊಡಲಿಗೆ ಕಾವು ಜೋಡಿಸುವ ಕೆಲಸವನ್ನು ಅವನು ನಮಗೆ ಬಿಟ್ಟಿದ್ದಾನೆ.