ಪಾಸ್‌ವರ್ಡ್ ನಿಮ್ಮ ಕಡೆನ ಇರ್ಲಿ ಅಣ್ಣಾರ
ಇವತ್ತು ಮುಧೋಳದ ಝೆರಾಕ್ಸ್ ಅಂಗಡಿಯಲ್ಲಿ ಬಿ.ಎ.ಗೆ ಸೇರೋ ಹುಡುಗಿಯೊಬ್ಬಳು ಇಮೇಲ್ ಮಾಡಿಸ್ತಿದ್ದಳು. "ಪಾಸ್‌ವರ್ಡ್ ಏನ್ ಇಡೂಣ ತಂಗಿ?" ಅಂತ ಅಂಗಡಿಯವರು ಕೇಳಿದ್ರೆ, "ನೀವ ಒಂದ್ ಇಡ್ರಿ, ನಿಮ್ಮ ಕಡೆನ ಇರ್ಲಿ ಅಣ್ಣಾರ" ಅಂದಳು. ಓಟಿಪಿ ಬರೋ ನಂಬರೂ ಅಂಗಡಿಯವರದ್ದೇ.

ಅಂಗಡಿಯವರು ಒಳ್ಳೆಯವರೇ. ಆದ್ರೆ ಡಿಗ್ರಿ ಪ್ರವೇಶ, ಪರೀಕ್ಷೆ ಅರ್ಜಿ, ಫಲಿತಾಂಶ ಎಲ್ಲಾ ಈಗ ರಾಜ್ಯದ ಆನ್‌ಲೈನ್ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ, ಸ್ಕಾಲರ್‌ಶಿಪ್ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ನಾಳೆ ಆ ನಂಬರ್ ಬದಲಾದರೆ ಅಲ್ಲಿ ಕೊಟ್ಟಿರೋ ಮೇಲ್ ತೆರೆಯೋದು ಹೇಗೆ? ಇನ್ನೊಬ್ಬರ ಪಾಸ್‌ವರ್ಡನ್ನ ಮೋಸಕ್ಕೆ ಬಳಸಿದರೆ ಐಟಿ ಕಾಯ್ದೆಯ 66ಸಿ ಕಲಂನಡಿ 3 ವರ್ಷದವರೆಗೆ ಜೈಲು ಇದೆ, ನಿಜ. ಆದ್ರೆ ಆಗೋ ನಷ್ಟ ಮೊದಲು ಆ ಹುಡುಗಿಗೇ.

ಕೆಲವು ಕಾಲೇಜುಗಳು ತಾವೇ ಇಮೇಲ್ ಕೊಡ್ತವೆ. ಅಲ್ಲೂ ಎಚ್ಚರ ಬೇಕು. ಅದರಿಂದ ಹೋಗೋ ಪ್ರತಿ ಮಾತಿಗೂ ಕಾಲೇಜಿನ ಹೆಸರು ಅಂಟಿರುತ್ತೆ. ಜೊತೆಗೆ, ಕೋರ್ಸ್ ಮುಗಿದ ಮೇಲೆ ಆ ಖಾತೆ ಮುಚ್ಚಬಹುದು. ಬೇಕಾದ ಕಾಗದಪತ್ರ ಮೊದಲೇ ಇಳಿಸಿಕೊಂಡಿರಬೇಕು.

ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಮೇಷ್ಟ್ರುಗಳೇ, ಮೊದಲ ಸೆಮಿಸ್ಟರ್‌ನಲ್ಲಿ ಒಂದು ತಾಸು ಇಮೇಲ್, ಪಾಸ್‌ವರ್ಡ್ ಕಾಪಾಡಿಕೊಳ್ಳೋದನ್ನ ಹೇಳಿಕೊಡೋಕಾಗಲ್ವಾ? ನಿಮ್ಮ ಕಾಲೇಜಲ್ಲಿ ಹೇಳ್ತಿದ್ದರೆ ದಯವಿಟ್ಟು ಹೇಗೆ ಅಂತ ಬರೀರಿ.